ಅತ್ತೆ ಕೂರಲಾಗದ ಕುರ್ಚಿ

ಡಾರ್ವಿನ್, ಹಾಸ್ಟೆಲ್
ಭಾನುವಾರ

ಅಪ್ಪಾ,

ಹೇಗಿದ್ದೀಯ ಎಂದು ಕೇಳುವ ಮನಸ್ಸಿಲ್ಲ. ನೀನು ಕಳಿಸಿದ ಊರಿನ ಸುರಕ್ಷತಾ ಯೋಜನೆಯ ಕರಡು ಓದಿದೆ. "ಯೂನಿವರ್ಸಿಟಿ ಸೇರಿದ್ದೀಯಲ್ಲ, ತಪ್ಪಿದ್ರೆ ತಿದ್ದು ಮಗಳೇ" ಅಂದಿದ್ದೆ. ಪಾಲುದಾರರ ಪುಟದಲ್ಲಿ ಪೊಲೀಸರಿದ್ದಾರೆ, ಕೌನ್ಸಿಲ್ ಇದೆ, ಕ್ಲಿನಿಕ್ ಇದೆ, ಶಾಲೆಯೂ ಇದೆ. ಅಜ್ಜಿ ಕಟ್ಟಿದ, ರಾತ್ರಿ ಗಾಡಿಯಲ್ಲಿ ಊರು ಸುತ್ತಿ ಕಾಯುವ ಹೆಂಗಸರ ಗಸ್ತು ಮಾತ್ರ ಇಲ್ಲ. ಕರೆದರೂ ಸಭೆಗೆ ಬರಲಿಲ್ಲವಂತೆ. ಅದಕ್ಕೇ ಅವರ ಗಾಡಿಯನ್ನು ಕಿತ್ತು ಪಟ್ಟಣದ ಸೆಕ್ಯುರಿಟಿ ಕಂಪನಿಗೆ ಕೊಡುತ್ತೀರಂತೆ.

ಬರಲಿಲ್ಲವೇ? ಅಜ್ಜಿ ಬಂದಿದ್ದಳು. ಸಭೆ ಮುಗಿಯುವವರೆಗೂ ಹೊರಗೆ ಮರದ ಕೆಳಗೆ, ನಿಮಗೆ ಬೆನ್ನು ಹಾಕಿ ಕೂತಿದ್ದಳು ಎಂದು ಡಲ್ಸಿ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಒಳಗೆ ಬರುವುದಾದರೂ ಹೇಗೆ? ಅಧ್ಯಕ್ಷನಾಗಿ ಕೂತಿದ್ದವನು ನೀನು. ಅವಳ ಹೆಸರು ಅಂಟಿಸಿದ ಕುರ್ಚಿಯನ್ನು ನಿನ್ನ ಎದುರಿಗೇ ಹಾಕಿಸಿದ್ದೆ!

ಅಮ್ಮನ ಕಡೆಯ ನಮ್ಮ ಮೂಲನಿವಾಸಿಗಳಲ್ಲಿ ಅತ್ತೆ ಅಳಿಯ ಮುಖ ಕೊಟ್ಟು ಕೂರುವುದಿಲ್ಲ, ಮಾತಾಡುವುದಿಲ್ಲ. ಅದು ಹಗೆಯಲ್ಲ, ಮರ್ಯಾದೆ. ಹೊಸ ಸಾರ್ಜೆಂಟನಿಗೆ ಗೊತ್ತಿಲ್ಲದಿದ್ದರೆ ಹೋಗಲಿ. ನಿನಗೆ? ಇಂಗ್ಲೆಂಡಿನಿಂದ ಬಂದವನಾದರೂ ಅಂಗಡಿಯಲ್ಲಿ ಅವಳನ್ನು ಕಂಡರೆ ಸೋಪಿನ ಸಾಲಿನ ಹಿಂದೆ ಸರಿಯುತ್ತಿದ್ದೆ. ಅಡುಗೆಗೆ ಕಾಂಗರೂ ಬಾಲ ತಂದರೆ ನನ್ನ ಕೈಗಿಟ್ಟು "ಅಜ್ಜಿಗೆ ಕೊಟ್ಟು ಬಾ" ಅನ್ನುತ್ತಿದ್ದೆ. ಶಾಲೆಯ ಹಾಸ್ಟೆಲಿನ ಹುಡುಗಿಯರು "ಅರ್ಧ ಇಂಗ್ಲಿಷ್" ಎಂದು ರೇಗಿಸಿದಾಗ, "ನಮ್ಮಪ್ಪನಷ್ಟು ಒಳ್ಳೆ ಅಳಿಯ ನಿಮ್ಮೂರಲ್ಲಿ ಇದ್ರೆ ತೋರಿಸ್ರೇ" ಎಂದು ಜಗಳಕ್ಕೇ ನಿಂತಿದ್ದೆ.

ಅಮ್ಮ ಕೇಳಿದ್ದಕ್ಕೆ "ಇದು ಆಫೀಸು, ಮನೆ ಅಲ್ಲ" ಅಂದೆಯಂತೆ. ಚಿಕ್ಕಮ್ಮ ಅದನ್ನು ಹೇಳಿ ನಕ್ಕಳು, ಕೆಟ್ಟ ನಗು. "ಕತ್ತಿಗೆ ಐಡಿ ಕಾರ್ಡು ನೇತಾಕ್ಕೊಂಡ್ರೆ ನಿಮ್ಮಪ್ಪ ಅಳಿಯ ಅಲ್ವಂತೇನೇ?"

ಆಮೇಲೆ ಫೋನ್ ತೆಗೆದುಕೊಂಡ ಅಜ್ಜಿ ನಿನ್ನನ್ನು ಒಂದು ಮಾತೂ ಬೈಯಲಿಲ್ಲ. "ಗಾಡಿ ಹೋದ್ರೆ, ಬೀದೀಲಿ ಹೊಡೆದಾಡೋ ಹುಡುಗ್ರ ಕಿವಿ ಹಿಂಡಿ ಮನೆಗೆ ಬಿಡೋರು ಯಾರೇ? ಆ ಕಂಪನಿಯೋರಿಗೆ ಯಾರ ಮನೆ ಗೊತ್ತು? ಸೀದಾ ಲಾಕಪ್ಪಿಗೆ ತಳ್ತಾರೆ" ಎಂದಳು, ಅಷ್ಟೇ. ಅವಳ ಪಾಲಿನ ಸಿಟ್ಟನ್ನೂ ನಾನೇ ಪಡುತ್ತಿದ್ದೇನೆ.

ಕ್ಲಾಸಿನಲ್ಲಿ ಎದ್ದು ನಿಂತು ಹೆಸರು ಹೇಳಲೂ ಹೆದರುವವಳು ನಾನು. ಇದನ್ನು ಬರೆಯುವಾಗಲೂ ನೀನು ಇನ್ನು ನನ್ನ ಜೊತೆ ಮಾತೇ ಬಿಟ್ಟರೆ ಎಂಬ ಭಯ. ಆದರೂ ಹೇಳುತ್ತೇನೆ. ಗುರುವಾರದ ಸಭೆಯಲ್ಲಿ ಯೋಜನೆಗೆ ಸಹಿ ಬೀಳುವ ಮೊದಲು ಅಧ್ಯಕ್ಷನ ಕುರ್ಚಿಯನ್ನು ಕ್ಲಿನಿಕ್ಕಿನ ನರ್ಸಮ್ಮನಿಗೆ ಒಪ್ಪಿಸು. ಅಜ್ಜಿ ಬರುವಷ್ಟರಲ್ಲಿ ಎದ್ದು ಹೋಗು. ಕೌನ್ಸಿಲಿನವರು ಏನಂದುಕೊಳ್ಳುತ್ತಾರೋ ಎಂದು ಕೂತೇ ಇದ್ದೆಯೋ, ಈ ರಜೆಗೆ ನಾನು ಇಳಿಯುವುದು ಅಜ್ಜಿಯ ಮನೆಯಲ್ಲಿ. ನೀನು ಆ ಬಾಗಿಲಿಗೆ ಬರುವ ಹಾಗಿಲ್ಲ ಎನ್ನುವುದು ನಿನಗೂ ಗೊತ್ತು.

ಎದ್ದು ಹೋಗುವಷ್ಟು ಧೈರ್ಯ ನಿನ್ನ ಕಾಲಿಗೆ ಬರಲಿ ಎಂದು ಹಾರೈಸುವ,
ಇನ್ನೂ ನಿನ್ನವಳೇ ಆದ ಮಗಳು
ಕೆಯಾರಾ