ಸತೀಶ ಒತ್ತಿದ ಹಾರ್ನ್

ಪ್ರೀತಿಯ ಗೆಳತಿ ಗಿರಿಜಾ,

ನಿನ್ನೆಯಷ್ಟೇ ಮೆಲ್ಬರ್ನ್‌ನಿಂದ ಟೂಂಗಾಬಿಯ ನನ್ನ ಮನೆಗೆ ವಾಪಸ್ ಬಂದೆ. ನೀನು ಹೋಗಿ ಒಂದು ವರ್ಷವಾಯಿತೆಂದು ನಿನ್ನ ಗಂಡ ಸತೀಶ ಅಲ್ಲಿಯ ಪಾಯಿಂಟ್ ಕುಕ್ ಬಡಾವಣೆಯಲ್ಲಿ ಹಾಲ್ ಬುಕ್ ಮಾಡಿದ್ದ. ತಿಥಿಯಲ್ಲ, ಪೂಜೆಯಲ್ಲ, ಫೋಟೋ ಪ್ರದರ್ಶನ! ‘ಗಿರಿಜಾ ಕಂಡ ಅಮೆರಿಕದ ಪಕ್ಷಿಲೋಕ’ ಎಂದು ಬಾಗಿಲಿಗೆ ಬ್ಯಾನರ್. ನೀನು ಕಂಡದ್ದು ಎಲ್ಲಿ ಬಂತು? ಎಲ್ಲವೂ ಅವನು ತೆಗೆದ ಚಿತ್ರಗಳೇ. ನಿನ್ನ ಮುಖವಿದ್ದದ್ದು ಒಂದೇ ಫೋಟೋ, ಅದೂ ಮೂಲೆಯಲ್ಲಿ, ಸಮೋಸಾ ತಟ್ಟೆಗಳ ಪಕ್ಕದಲ್ಲಿ. ನೀನಿದ್ದಿದ್ದರೆ ನಗುತ್ತಿದ್ದೆಯೋ, ಎದ್ದು ಹೋಗುತ್ತಿದ್ದೆಯೋ...

ಗೋಡೆಯ ನಡುಮಧ್ಯದಲ್ಲಿ ಯಾವ ಚಿತ್ರವಿತ್ತು ಹೇಳು? ಅದೇ, ನ್ಯೂ ಮೆಕ್ಸಿಕೋದ ಪಕ್ಷಿಧಾಮದ್ದು. ಆ ಬೆಳಗನ್ನು ನಾನು ಮರೆತಿಲ್ಲ ಕಣೇ. ಮಗಳು ಅನಘಾಳನ್ನು ಡಿಸೆಂಬರ್ ರಜಕ್ಕೆ ಧಾರವಾಡದ ಅಜ್ಜಿಯ ಬಳಿ ಬಿಟ್ಟು ನೀವಿಬ್ಬರು ಹೊರಟಿದ್ದಿರಿ. ನಿಮ್ಮ ಬಾಲವಾಗಿ ನಾನು. ಸುತ್ತ ಬೋಳು ಗುಡ್ಡಗಳು, ಒಣಗಿದ ಹುಲ್ಲು, ನಡುವೆ ಆ ಅಗಲದ ಕೆರೆ. ನೀರಿನ ಅಂಚು ಹೆಪ್ಪುಗಟ್ಟಿತ್ತು. ಮೊಣಕಾಲುದ್ದ ನೀರಿನಲ್ಲಿ ಬೂದುಬಣ್ಣದ ಕ್ರೇನ್ ಕೊಕ್ಕರೆಗಳು ಕುತ್ತಿಗೆ ಮಡಚಿ ನಿಂತೇ ನಿದ್ದೆ ಮಾಡುತ್ತಿದ್ದವು. ದಡದಲ್ಲಿ ಮಲಗಿದರೆ ನರಿ, ತೋಳ ಹಿಡಿಯುತ್ತವಲ್ಲ, ಅದಕ್ಕೆ. ಅವುಗಳ ಆಚೆ ಕೆರೆಯೆಲ್ಲ ಬಿಳಿ ಹೆಬ್ಬಾತುಗಳು. ನೀನು ನನ್ನ ತೋಳು ಹಿಡಿದು, ಕೊಕ್ಕರೆಗಳ ನೆತ್ತಿಯ ಕೆಂಪು ಮಚ್ಚೆ ತೋರಿಸಿ ಪಿಸುಗುಟ್ಟಿದ್ದೆ: “ನೋಡವಾ ಉಮಾ, ಎಲ್ಲಾವೂ ಹಣಿಗೆ ಕುಂಕುಮ ಹಚ್ಕೊಂಡು ನಿಂತಾವ.” ಪಕ್ಕದಲ್ಲೇ ಕುಂಕುಮವಿಲ್ಲದ ಮರಿಯೊಂದು ತಾಯಿಗೆ ಒರಗಿಕೊಂಡಿತ್ತು. ನೀನು ಅದನ್ನೇ ನೋಡುತ್ತ ನಿಂತಿದ್ದೆ.

ಆ ನಿಶ್ಶಬ್ದ ಸತೀಶನಿಗೆ ಸಹಿಸಲಾಗಲಿಲ್ಲ. ಒನಕೆಯಂಥ ಲೆನ್ಸ್ ಸ್ಟ್ಯಾಂಡಿನ ಮೇಲೆ ಸಿದ್ಧವಿತ್ತು. ಹಕ್ಕಿಗಳು ಮಾತ್ರ ಏಳುತ್ತಿಲ್ಲ. ಸದ್ದು ಮಾಡಬಾರದೆಂಬ ಬೋರ್ಡನ್ನು ಬರುವಾಗ ನಮಗೆ ಜೋರಾಗಿ ಓದಿ ಹೇಳಿದವನೂ ಅವನೇ ತಾನೆ? ಮೆಲ್ಬರ್ನ್‌ನ ಫ್ರೀವೇಯಲ್ಲಿ ಯಾರು ಅಡ್ಡ ಬಂದರೂ ಹಾರ್ನ್ ಮುಟ್ಟದ ಸಭ್ಯ. ಅಂಥವನು ಬಾಡಿಗೆ ಕಾರಿನ ಕಿಟಕಿಯೊಳಗೆ ಕೈ ತೂರಿಸಿ, ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತವನ ಹಾಗೆ ಹಾರ್ನ್ ಒತ್ತಿ ಹಿಡಿದು, ಎದ್ದುಬಿದ್ದು ಓಡಿಹೋಗಿ ಕ್ಯಾಮೆರಾಕ್ಕೆ ಕಣ್ಣಿಟ್ಟ. ಕೆರೆಗೆ ಕೆರೆಯೇ ಎದ್ದಿತು. ಆ ಗದ್ದಲ ಅಡಗಿದ ಮೇಲೆ ಉಳಿದದ್ದು ಮರಿಯೊಂದೇ, ಸೀಟಿಯಂಥ ಸಣ್ಣ ದನಿಯಲ್ಲಿ ತಾಯಿಯನ್ನು ಕರೆಯುತ್ತಿತ್ತು. ನೀನು ಅತ್ತುಬಿಟ್ಟೆ. ಆಮೇಲೆ ಗಂಡನ ಮುಂದೆ ಹೋಗಿ ನಿಂತು ಒಂದೇ ಒಂದು ಮಾತು ಹೇಳಿದೆ.

ಮೊನ್ನೆ ಮೈಕ್ ಹಿಡಿದು ಅವನು ಏನೆಂದ ಗೊತ್ತೇ? “ದಿಸ್ ವಾಸ್ ಗಿರಿಜಾಸ್ ಫೇವರಿಟ್. ಹಕ್ಕಿಗಳು ಹಾರೋದು ನೋಡಿ ಅವಳು ಅಳ್ತಾ ನಿಂತುಬಿಟ್ಟಳು. ನೇಚರ್ ಅಂದ್ರೆ ಅಷ್ಟು ಸೆನ್ಸಿಟಿವ್.” ನಂತರ ಪ್ರಕೃತಿಯನ್ನು ಉಳಿಸಬೇಕಾದ ನಮ್ಮ ಕರ್ತವ್ಯದ ಬಗ್ಗೆ ಬೋಧನೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ! ಜನ ತಲೆಯಾಡಿಸಿದ್ದೂ ಆಡಿಸಿದ್ದೇ.

ಅವನು ಆ ಚಿತ್ರಕ್ಕೆ ಎಷ್ಟು ಪ್ರಶಸ್ತಿ ಬೇಕಾದರೂ ಕಟ್ಟಿಕೊಳ್ಳಲಿ, ನನಗೇನು? ಆದರೆ ಮುಂದಿನ ಸಾಲಿನಲ್ಲಿ ಅನಘಾ ಕುಳಿತಿದ್ದಳು. ಈಗ ಅವಳಿಗೆ ಹದಿಮೂರು. ಆ ಚಿತ್ರವನ್ನೇ ನೋಡುತ್ತಿದ್ದಳು. ಅಮ್ಮ ಎಂದರೆ ಇವನ ಹಿಂದೆ ನಿಂತು ಆನಂದಬಾಷ್ಪ ಸುರಿಸಿದ ಹೆಂಗಸು ಎಂದೇ ತಿಳಿದು ಆ ಹುಡುಗಿ ಬೆಳೆಯಬೇಕೆ? ಅಷ್ಟರಲ್ಲಿ ಅವನೇ, “ಉಮಾ, ನೀವೇ ವಿಟ್ನೆಸ್ ಅಲ್ವಾ? ನಾಲ್ಕು ಮಾತಾಡಿ” ಎಂದು ಮೈಕ್ ಚಾಚಿದ.

“ಗಿರಿಜಾ ಅತ್ತಿದ್ದು ನಿಜ,” ಎಂದೆ. “ಸತೀಶ್ ಹಾರ್ನ್ ಹೊಡೆದು ಮಲಗಿದ್ದ ಹಕ್ಕಿಗಳನ್ನ ಎಬ್ಬಿಸಿದ್ರು. ಅದಕ್ಕೆ ಅತ್ತಿದ್ದು.”

ಸತೀಶ ನಕ್ಕ. “ಉಮಾದು ಯಾವಾಗಲೂ ಜೋಕು!” ಹಾಲ್‌ಗೆ ಹಾಲೇ ನಕ್ಕಿತು, ಗಿರಿಜಾ. ಕ್ರೇಗಿಬರ್ನ್‌ನಿಂದ ಬಂದಿದ್ದ ಅಂಕಲ್ ಒಬ್ಬರು ಎದ್ದು ನಿಂತು ಕೇಳಿದ್ದೇನು? ಆ ಲೆನ್ಸ್ ಯಾವ ಕಂಪನಿಯದು ಅಂತ! ಇಂಥವರಿಗೆ ಚಹಾ ಬೇರೆ ಕೇಡು.

ನಾನು ಸಿಡಿಮಿಡಿಗುಟ್ಟುತ್ತ ಕಾರ್ ಪಾರ್ಕ್‌ಗೆ ಬಂದರೆ ಹಿಂದೆಯೇ ಅನಘಾ. “ಆಂಟಿ, ಯು ವರ್ ನಾಟ್ ಜೋಕಿಂಗ್, ರೈಟ್?”

“ಇಲ್ಲ ಪುಟ್ಟಿ.”

“ಸೋ ವಾಟ್ ಡಿಡ್ ಅಮ್ಮ ಸೇ ಟು ಹಿಮ್?”

ಹೇಳಿದೆ. ಗಂಡನನ್ನು ಸದಾ ‘ನೀವು’ ಎನ್ನುತ್ತಿದ್ದ ನೀನು ಆ ದಿನ ಏಕವಚನದಲ್ಲಿ ಆಡಿದ್ದನ್ನು, ನಿನ್ನ ಧಾರವಾಡದ ಧಾಟಿಯಲ್ಲೇ ಹೇಳಿದೆ. ಅವಳು ನಗಲಿಲ್ಲ. “ಸೇ ಇಟ್ ಅಗೇನ್,” ಎಂದಳು. ಮತ್ತೆ ಹೇಳಿದೆ. ಅವಳ ತುಟಿ ನನ್ನ ಜೊತೆಜೊತೆಗೇ ಅಲುಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಸತೀಶ ಆ ಚಿತ್ರವನ್ನು ನಿಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಲು ಸ್ಟೂಲ್ ಹತ್ತಿದ್ದ. ನೀನಿದ್ದಷ್ಟು ದಿನ ಅದನ್ನು ಗ್ಯಾರೇಜ್‌ನಿಂದ ಈಚೆ ತರಲು ಬಿಟ್ಟಿರಲಿಲ್ಲವಲ್ಲ? ಮೊಳೆ ಹೊಡೆದಾಗಿತ್ತು. “ಅನಘಾ, ಫ್ರೇಮ್ ಕೊಡು ಪುಟ್ಟಾ,” ಎಂದ. ಅವಳು ಫ್ರೇಮ್ ಮುಟ್ಟಲಿಲ್ಲ. ಸ್ಟೂಲಿನ ಕೆಳಗೆ ನೆಟ್ಟಗೆ ನಿಂತು, ಪೂರ್ತಿ ಕನ್ನಡದಲ್ಲಿ ಕೇಳಿಯೇಬಿಟ್ಟಳು:

“ಥಂಡ್ಯಾಗ ಮಲ್ಕೊಂಡಿದ್ದವನ್ನ ಎಬ್ಬಿಸಿ ಓಡಸ್ತೀಯಲ್ಲೋ, ನಾಚಿಕಿ ಬರಂಗಿಲ್ಲೇನು ನಿನಗ?”

ಅವನ ಮುಖ ನೋಡಬೇಕಿತ್ತು ನೀನು! ನನ್ನ ಕಡೆ ಒಮ್ಮೆ ತಿರುಗಿ ನೋಡಿದ. ಸ್ಟೂಲಿನಿಂದ ಇಳಿದು, ಚಿತ್ರವನ್ನು ತಾನೇ ಎತ್ತಿಕೊಂಡು ಗ್ಯಾರೇಜ್‌ಗೆ ಹೋದ. ನನಗೆ ಅಳುವೂ ಬಂತು, ನಗುವೂ ಬಂತು.

ಏಪ್ರಿಲ್ ರಜಕ್ಕೆ ಅನಘಾ ನನ್ನ ಬಳಿ ಟೂಂಗಾಬಿಗೆ ಬರುತ್ತಾಳೆ, ಟಿಕೆಟ್ ಆಗಿದೆ. ನೀನು ಅವನಿಗೆ ಬೈದದ್ದು ಅದೊಂದೇ ಸಲವೇನಲ್ಲವಲ್ಲ? ಉಳಿದದ್ದನ್ನೂ ಒಂದು ಬಿಡದೆ ಕಲಿಸಿ ಕಳಿಸುತ್ತೇನೆ. ಇದು ನಿನಗೆ ಕೊಟ್ಟ ಮಾತು.

ನಿನ್ನ
ಉಮಾ