ಉಬ್ಬಿದ ಬೆನ್ನು, ಅರ್ಧ ಕುರ್ರ್

ಬೆಟಗೇರಿ
ಫೆಬ್ರವರಿ ೩೦, ೨೧೪೧

ಮುತ್ತಜ್ಜ ಯಮನಪ್ಪನಿಗೆ,

ಓದುವುದನ್ನು ನಿಲ್ಲಿಸು. ದಿಂಬಿನ ಕೆಳಗೆ ಚಾರ್ಜಿಗೆ ಹಾಕಿರುವ ಫೋನನ್ನು ಅಲ್ಲೇ ಬಿಟ್ಟು, ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಅಂಗಳಕ್ಕೆ ಓಡು. ಅದು ಈಗಲೇ ಹೊತ್ತಿಕೊಳ್ಳಲಿದೆ!

ಓಡಿದೆಯಾ? ಪಂಚೆ ಜೊತೆಗೆ ಬಂತೋ, ಹಾಸಿಗೆಯಲ್ಲೇ ಉಳಿಯಿತೋ? ಸುಳ್ಳು ಹೇಳಿದೆ, ಮುತ್ತಜ್ಜಾ. ಅದು ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡು ಬೂದಿಯಾಗಿದ್ದರೆ ನನ್ನ ಬಾಳು ನೆಟ್ಟಗಿರುತ್ತಿತ್ತು. ನಿನ್ನನ್ನು ಒಮ್ಮೆಯಾದರೂ ಅಂಗಳದಲ್ಲಿ ನಡುಗಿಸಬೇಕೆಂದು ಹುಟ್ಟಿದಾಗಿನಿಂದ ಕಾದಿದ್ದೇನೆ. ಈಗ ಒಳಗೆ ಬಾ, ಕೂತು ಓದು. ಬೈಗುಳ ಇನ್ನೂ ಬಾಕಿ ಇದೆ.

ಮೇಲಿನ ತಾರೀಖು ಕೈತಪ್ಪಿದ್ದಲ್ಲ. ಫೆಬ್ರವರಿಗೆ ಹಿಂದಿನವರು ಅನ್ಯಾಯ ಮಾಡಿದ್ದಾರೆಂದು ನಮ್ಮ ಕಾಲದವರು ಅದಕ್ಕೆ ದಿನ ಸೇರಿಸಿದರು. ಕಾಗದ ಹಿಂದಕ್ಕೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡ. ನಿಮ್ಮ ಅಂಚೆ ತಡವಾಗಿ ಮುಟ್ಟಿಸುತ್ತಿತ್ತಂತೆ, ನಮ್ಮದು ಬರೆಯುವ ಮೊದಲೇ ಮುಟ್ಟಿಸುತ್ತದೆ. ಕೆಲವು ಮಾತುಗಳು ನಿನಗೆ ವಿಚಿತ್ರ ಎನಿಸಿದರೆ ಕ್ಷಮಿಸು. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ.

ನಮ್ಮ ಮನೆಗಳ ಮೇಲೆ ಬಿಸಿಲುಹಂಚುಗಳಿವೆ. ಅವು ಹಗಲೆಲ್ಲ ಬಿಸಿಲು ಕುಡಿದು ಒಲೆ, ದೀಪ, ಬೀಸುವ ಕಲ್ಲು ಎಲ್ಲವನ್ನೂ ನಡೆಸುತ್ತವೆ. ಮೋಡ ಕವಿದ ದಿನ ಊರಿಗೆ ಊರೇ ಅವಲಕ್ಕಿ ತಿನ್ನುತ್ತದೆ. ಫೋನು ಎಂಬುದು ಯಾರ ಬಳಿಯೂ ಇಲ್ಲ. ಅದರ ಬದಲು ಗೋಡೆಮಾತು ಇದೆ, ಎಂದರೆ ನಾನು ನಮ್ಮ ಅಡುಗೆಮನೆಯ ಗೋಡೆಗೆ ಹೇಳಿದ್ದು ವಿಜಯಪುರದಲ್ಲಿರುವ ಮಗಳ ಅಡುಗೆಮನೆಯ ಗೋಡೆಯಲ್ಲಿ ಕೇಳಿಸುತ್ತದೆ. ಗೋಡೆಗೂ ಕಿವಿ ಇದೆ ಎಂದು ನೀವು ಹೆದರುತ್ತಿದ್ದಿರಿ, ನಾವು ಅದಕ್ಕೆ ಬಾಯಿಯನ್ನೂ ಕೊಟ್ಟೆವು. ಕಿಸೆಯಲ್ಲಿ ಹೊರಬೇಕಾದದ್ದು ಹುರಿದ ಸೇಂಗಾ ಮಾತ್ರ. ನಿಮ್ಮ ಕಾಲದ ಬ್ಯಾಟರಿಗಳು ಹೊಲದಲ್ಲಿ, ಹಳ್ಳದಲ್ಲಿ ಈಗಲೂ ಸಿಗುತ್ತವೆ. ಸಿಕ್ಕರೆ ಹಾಕಿಡಲು ಪ್ರತಿ ಮನೆಯ ಹಿತ್ತಲಲ್ಲಿ ಮರಳುಗಡಿಗೆ ಇರುತ್ತದೆ. ಮಕ್ಕಳು ಅದರ ಹತ್ತಿರ ಹೋದರೆ ಏಟು ಬೀಳುತ್ತದೆ.

ಇಷ್ಟಾದರೂ ನಮ್ಮ ಮನೆಯಲ್ಲಿ ನಿನ್ನ ಫೋನು ಉಳಿದಿದೆ. ಏಕೆ ಗೊತ್ತೇ? ನಿನ್ನ ತಂಗಿ ಬಸಲಿಂಗವ್ವನಿಂದಾಗಿ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರಿಡುವುದು, ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಿನಗೆ ಗೊತ್ತೇ ಇದೆ. ನಿನ್ನ ಮಗನ ತೊಟ್ಟಿಲಿನಲ್ಲಿ ಬಸಲಿಂಗವ್ವ ಊದಿದ ಕುರ್ರ್ ನಿನ್ನ ಫೋನಿನಲ್ಲಿ ಉಳಿಯಿತು. ಎಂಥ ದನಿ ಅದು! ಪಾರಿವಾಳ ನಕ್ಕಂತೆ. ಮುಂದಿನ ಕೂಸುಗಳಿಗೂ ಅದನ್ನೇ ಕೇಳಿಸುತ್ತ ಬಂದರು. ಅತ್ತೆಯ ಬೆನ್ನಿಗೆ ಬೀಳುತ್ತಿದ್ದ ಗುದ್ದು ಫೋನಿನ ಬೆನ್ನಿಗೆ ಬೀಳತೊಡಗಿತು. ದನಿಯನ್ನು ಗೋಡೆಗೆ ಇಳಿಸಿಕೊಳ್ಳೋಣ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ನಮ್ಮ ಅಕ್ಕ ಕಲ್ಲವ್ವ ಕೆರಳಿದಳು.

"ಗ್ವಾಡಿಗೆ ಎಲ್ಲೈತೋ ಬೆನ್ನ? ಗುದ್ದ ಬೀಳದ ಕುರ್ರ್ ಒಂದ್ ಕುರ್ರ್ ಏನಲೇ?"

ಹಾಗಾಗಿ ಫೋನು ಉಳಿಯಿತು.

ಈಗ ನಿನ್ನ ಪಾಪಕ್ಕೆ ಬರುತ್ತೇನೆ. ರಾತ್ರಿಯಿಡೀ ದಿಂಬಿನ ಕೆಳಗೆ ಚಾರ್ಜಿಗೆ ಹಾಕಿದೆ, ಹಗಲೆಲ್ಲ ಅದು ಬಿಸಿಯಾದರೂ ಬಿಡದೆ ಅದರಲ್ಲಿ ಕುಸ್ತಿ ನೋಡಿದೆ. ಕೊಬ್ಬಿದ್ದು ನೀನು, ಉಬ್ಬಿದ್ದು ಬ್ಯಾಟರಿ. ಹಿಂದಿನ ಮುಚ್ಚಳ ಬಾಯಿ ಬಿಟ್ಟಾಗ ಅಂಗಡಿಗೆ ಒಯ್ದು ಬೇರೆ ಬ್ಯಾಟರಿ ಹಾಕಿಸಬೇಕಿತ್ತು. ನೀನೇನು ಮಾಡಿದೆ? ಚಪ್ಪಲಿಗೆ ಹಚ್ಚುವ ಅಂಟು ಹಚ್ಚಿ, ಒತ್ತಿ, ರಬ್ಬರ್ ಬ್ಯಾಂಡ್ ಸುತ್ತಿದೆ. ಅಂಟು ಹಚ್ಚಿದ್ದು ನೀನು, ಅಂಟಿಕೊಂಡದ್ದು ನನಗೆ. ನನ್ನ ತೊಟ್ಟಿಲಿನ ದಿನ ಬಸಲಿಂಗವ್ವ "ಕು" ಎಂದಳು, ಅಷ್ಟರಲ್ಲಿ ಫೋನು ಕಣ್ಣು ಮುಚ್ಚಿತು. ಅರ್ಧ ಕುರ್ರ್ ಬಿದ್ದ ಕೂಸಿಗೆ ಇಡೀ ಹೆಸರು ಯಾಕೆಂದು ಹಿರಿಯರು ಕೈಚೆಲ್ಲಿದರು. ಅಂದಿನಿಂದ ಬೆಟಗೇರಿಯಲ್ಲಿ ನಾನು ಅರ್ಧಪ್ಪ. ಶಾಲೆಯಲ್ಲಿ ಅರ್ಧಪ್ಪ, ಮದುವೆಯ ಮಂಟಪದಲ್ಲಿ ಅರ್ಧಪ್ಪ. ಅಕ್ಷತೆ ಹಾಕಿದವರು "ಉಳಿದರ್ಧ ಇಕೀನ ಏನ?" ಎಂದು ನನ್ನ ಹೆಂಡತಿಯನ್ನು ತೋರಿಸಿ ನಕ್ಕರು.

ನಾನು ಸುಮ್ಮನಿರಲಿಲ್ಲ. ನಮ್ಮ ಮನೆಯಲ್ಲಿ ಉಬ್ಬಿದ ಹಪ್ಪಳಕ್ಕೆ ನಿನ್ನ ಹೆಸರಿಟ್ಟೆ. "ಇನ್ನೊಂದು ಯಮನಪ್ಪನ್ನ ಹಾಕು, ಮುರಕೊಂಡು ತಿಂತೀನಿ" ಎನ್ನುತ್ತೇವೆ. ನೀನು ಕುಸ್ತಿಯಲ್ಲಿ ಒಂದು ಮೇಕೆಗೆ ಸೋತೆಯೆಂದು ಮೊಮ್ಮಕ್ಕಳಿಗೆ ಕಲಿಸಿದ್ದೇನೆ. ಅವರು ಅದನ್ನು ಶಾಲೆಯಲ್ಲಿ ಹೇಳಿ ಬಹುಮಾನವನ್ನೂ ತಂದರು.

ಹೋದ ತಿಂಗಳು ನನ್ನ ಮೊಮ್ಮಗಳಿಗೆ ಹೆಣ್ಣು ಹುಟ್ಟಿತು. ಫೋನನ್ನು ಹೊರತೆಗೆದರೆ, ಅದು ಜೀವ ಬಿಡುವ ಹಂತದಲ್ಲಿತ್ತು. ಈ ಕೂಸಿಗೂ ಅರ್ಧ ಕುರ್ರ್ ಬಿದ್ದರೆ ಅದು ಅರ್ಧವ್ವ ಆಗುತ್ತದೆ, ನಾನು ಪಟ್ಟದ್ದನ್ನೆಲ್ಲ ಅದೂ ಪಡಬೇಕಾಗುತ್ತದೆ. ಹಳೆಯ ಬ್ಯಾಟರಿಗಳ ಉಪಚಾರ ಬಲ್ಲ ರೋಷನ್‌ಬಿಯ ಹತ್ತಿರ ಓಡಿದೆ. ನಾವು ಅಂಥವರನ್ನು ಮಿಂಚುಸೂಲಗಿತ್ತಿ ಎನ್ನುತ್ತೇವೆ. ಅವಳು ಫೋನನ್ನು ಮರಳಿನ ಹಾಸಿಗೆಯ ಮೇಲೆ ಮಲಗಿಸಿ, ಬಗ್ಗಿ ನೋಡಿದಳು.

"ಅಜ್ಜಾರ, ಇದು ಬ್ಯಾಟರಿ ಅಲ್ರೀ, ಪೂರಿ ಐತಿ."

"ಬಿಚ್ಚಿ ಬ್ಯಾರೆ ಹಾಕವಾ."

"ಹ್ಯಾಂಗ ಬಿಚ್ಚಲಿ? ಚಾಕು ತೂರಿಸಿದ್ರ ಭಗ್ ಅಂತೈತಿ. ಯಾವ ಪುಣ್ಯಾತ್ಮರೀ ಅಂಟ ಹಚ್ಚಿದವ್ರು?"

"ನಮ್ಮ ಮುತ್ತಜ್ಜ."

"ಈಗ ಎಲ್ಲದಾರ?"

"ನಮ್ಮ ಕೈಗೆ ಸಿಗದಂಗ ಸತ್ತಾನ."

ಅವಳು ನಗುತ್ತಲೇ ದಾರಿ ಹೇಳಿದಳು. ತನ್ನ ಮರಳಿನ ಮೇಲೆ ತಂತಿ ಹಚ್ಚಿ ಅದನ್ನು ಸ್ವಲ್ಪ ಹೊತ್ತು ಎಬ್ಬಿಸಬಹುದು. ತೊಟ್ಟಿಲ ಬಳಿ ತಂತಿ ಹಚ್ಚುವಂತಿಲ್ಲ, ಬ್ಯಾಟರಿ ಕಾದು ಹೊತ್ತಿಕೊಂಡೀತು. ಅಲ್ಲಿ ಅದು ತನ್ನ ಉಸಿರಿನಲ್ಲೇ ಏಳಬೇಕು.

"ಕುಸ್ತಿ, ದನಿ ಅಂತ ಇದರಾಗ ಹೊಟ್ಟಿ ಬಿರಿಯೂವಷ್ಟು ತುಂಬಿಟ್ಟಾರ್ರಿ, ಅದಕ್ಕ ಏಳಾಕ ಒದ್ದಾಡತೈತಿ. ಏನರ ಅಳಿಸಿ ಹಗುರ ಮಾಡ್ರಿ. ಅಂದ್ರ ಪೂರಾ ಕುರ್ರ್ ಅಂತೈತಿ. ಮತ್ತ ನೆನಪಿಡ್ರಿ, ಬೆನ್ನಿಗೆ ಯಾರೂ ಗುದ್ದಬಾರದು. ಗುದ್ದಿದ್ರ ತೊಟ್ಟಿಲಕ್ಕ ಬೆಂಕಿ."

ಅಲ್ಲೇ ಕೂತು ಹಗುರ ಮಾಡಿದೆ.

ತೊಟ್ಟಿಲ ದಿನ ಓಣಿಯೆಲ್ಲ ಸೇರಿತು. ಮರಳು ತುಂಬಿದ ಪರಾತದಲ್ಲಿ ಫೋನು ಇಟ್ಟುಕೊಂಡು ರೋಷನ್‌ಬಿ ತೊಟ್ಟಿಲಿನಿಂದ ಮಾರು ದೂರ ನಿಂತಳು. ಗುದ್ದಬಾರದು ಎಂದು ಸಾರಿದ್ದೇ ತಡ, ಹೆಂಗಸರ ಮುಖ ಸಪ್ಪಗಾಯಿತು. ಗುದ್ದಿಲ್ಲದೆ ಹೆಸರು ನಿಲ್ಲುವುದಿಲ್ಲ ಎಂದು ಒಬ್ಬಳು, ಶಾಸ್ತ್ರವನ್ನು ಮುಂದೆ ಹಾಕೋಣ ಎಂದು ಇನ್ನೊಬ್ಬಳು. ಆಗ ಕಲ್ಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ನನಗೆ ಸೇರಲಿಲ್ಲ.

"ಫೋನಿನ ಬೆನ್ನ ಬ್ಯಾಡಂದ್ರ, ಅದನ್ನ ಕೆಡಿಸಿದವನ ಬೆನ್ನ ಆದೀತು. ಅಂವ ಇಲ್ಲ, ಅವನ ಮರಿಮಗ ಅದಾನಲ್ಲ. ಬಗ್ಗಲೇ ಅರ್ಧಪ್ಪ!"

"ಅಕ್ಕಾ, ನನಗ ವಯಸ್ಸಾಗೇತಿ."

"ನನ್ನ ಚಾದಾಗ ಉಪ್ಪ ಹಾಕೂ ಮುಂದ ವಯಸ್ಸ ಆಗಿರಲಿಲ್ಲೇನ?"

ಬಗ್ಗಿದೆ. ಪರಾತದಲ್ಲಿ ಬೆಳಕು ಮೂಡಿತು. ಬಸಲಿಂಗವ್ವ "ಕು" ಎಂದಳು. ನಂತರ ಬಂತು ನೋಡು, ಮುತ್ತಜ್ಜಾ, "ರ್ರ್ರ್ರ್" ಎಂದು ಕೊನೆಯವರೆಗೆ, ನಾನು ಎಂದೂ ಕೇಳದ ಆ ಉಳಿದರ್ಧ! ಕೂಸು ಕಣ್ಣರಳಿಸಿತು. ಅದರ ಹೆಸರು ಪೂರ್ಣವ್ವ. ಹೆಂಗಸರು ನನ್ನ ಬೆನ್ನಿನ ಮೇಲೆ ಬಿದ್ದರು. ಗೋಡೆಯಿಂದ ದೆವ್ವದ ದನಿ ಬಿಟ್ಟು ನಾನು ಹೆದರಿಸಿದವಳು ಗುದ್ದಿದಳು. ಹಬ್ಬ ನಾಳೆ ಎಂದು ನಾನು ನಂಬಿಸಿದ್ದರಿಂದ ಒಂದು ದಿನ ಮೊದಲೇ ಹೋಳಿಗೆ ಮಾಡಿ ಕೂತವಳು ಎರಡು ಗುದ್ದಿದಳು. ಕಲ್ಲವ್ವ ಸಾಲಿನಲ್ಲಿ ಮತ್ತೆ ಮತ್ತೆ ಬಂದಳು. ನಿನಗೆ ಬೀಳಬೇಕಾದದ್ದೆಲ್ಲ ನನಗೆ ಬಿತ್ತು. ಈಗ ಬೋರಲು ಮಲಗಿ ಬರೆಯುತ್ತಿದ್ದೇನೆ.

ಆದ್ದರಿಂದ ಹೇಳುತ್ತೇನೆ, ದಿಂಬಿನ ಕೆಳಗಿನಿಂದ ಅದನ್ನು ತೆಗೆ. ಉಬ್ಬಿದ ದಿನವೇ ಅಂಗಡಿಗೆ ಒಯ್ಯು. ಅಂಟಿನ ಡಬ್ಬಿಯನ್ನು ಚಪ್ಪಲಿಗೆ ಮಾತ್ರ ಮುಟ್ಟಿಸು. ಕೇಳದಿದ್ದರೆ ಮೇಕೆಯ ಕಥೆಗೆ ಇನ್ನೊಂದು ಮೇಕೆ ಸೇರಿಸುತ್ತೇನೆ.

ಇನ್ನೊಂದು ಮಾತು. ಫೋನಿನ ಹೊಟ್ಟೆಯಲ್ಲಿ ಏನಿತ್ತು, ಏನು ಹೋಯಿತು ಎಂದು ಮನೆಯವರು ಕೇಳಿದರು. ಬ್ಯಾಟರಿಯೇ ನುಂಗಿತು ಎಂದೆ, ನಂಬಿದರು. ನೀನು ತುಂಬಿಸಿಟ್ಟ ಕುಸ್ತಿಯ ವಿಡಿಯೋಗಳನ್ನು ತೆಗೆದಿದ್ದರೆ ಬೇಕಾದಷ್ಟು ಹಗುರವಾಗುತ್ತಿತ್ತು. ಅವು ಎಲ್ಲವೂ ಹಾಗೆಯೇ ಇವೆ. ಅವುಗಳ ಕೆಳಗೆ ನಿನ್ನದೇ ದನಿಯದು ಒಂದಿತ್ತು, ಬಹಳ ಉದ್ದದ್ದು. ಅದರ ಮೇಲೆ "ಮರಿಮಕ್ಕಳಿಗೆ" ಎಂದು ನೀನು ಬರೆದಿದ್ದೆ. "ಒಂದ ಸಲ ಕೇಳ್ರಿ ಅಜ್ಜಾರ" ಎಂದಳು ರೋಷನ್‌ಬಿ. ನಾನು ಕೇಳಲಿಲ್ಲ. ಅರ್ಧಪ್ಪ ಎನಿಸಿಕೊಂಡ ಸಿಟ್ಟಿಗೆ ಅದನ್ನೇ ಅಳಿಸಿದೆ.