ಕಿವಿಯ ಹಿಂದೆ ಬಿಟ್ಟ ಕೂದಲು

ಶುಕ್ರವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಉದ್ದಣ್ಣ,

ನೀನೂ ಮನೆಯವರೂ ಕ್ಷೇಮವೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ವರ್ಷವಾಯಿತು. ಉತ್ತರ ಬರೆಯದ್ದಕ್ಕೆ ಮೊದಲು ಕಣ್ಣು ಮಂಜು ಅನ್ನುವ ನೆಪವಿತ್ತು. ಆಪರೇಷನ್ ಆಗಿ ಕಣ್ಣು ಸರಿಹೋಯಿತು, ನೆಪವೂ ಹೋಯಿತು. ಆಮೇಲಿನದೆಲ್ಲ ಶುದ್ಧ ಸೋಮಾರಿತನ ಅಂತ ಇಟ್ಟುಕೋ. ನಿನ್ನ ಮಂಡಿ ಹೇಗಿದೆ? ಪಲ್ಟನ್ನಿನ ಆ ಹಳೇ ಲಾರಿಯ ಕ್ಲಚ್ ತುಳಿದು ತುಳಿದು ಸವೆದ ಮಂಡಿ ಅದು, ಮುಲಾಮು ಸಾಲದು, ಗ್ರೀಸ್ ಬಂದೂಕಿನಲ್ಲೇ ಹೊಡೆಯಬೇಕು.

ಈಗ ಸುದ್ದಿ. ನಗಬೇಡ. ಹೋದ ಭಾನುವಾರ ನನಗೆ ಸನ್ಮಾನವಾಯಿತು. ಹೌದು, ನನಗೇ. ಯುದ್ಧದಲ್ಲಿ ಒಂದು ಗುಂಡೂ ಹಾರಿಸದೆ, ನಿಮ್ಮೆಲ್ಲರ ತಲೆ ಬೋಳಿಸಿದ ಕ್ಷೌರಿಕನಿಗೆ. ಪುರಭವನದಲ್ಲಿ, ಮೈಕು ಹಾಕಿ, ಹಿತ್ತಾಳೆಯ ಫಲಕ ಕೊಟ್ಟು. 'ದೇಶಕ್ಕಾಗಿ ಸರ್ವಸ್ವವನ್ನೂ ತ್ಯಾಗ ಮಾಡಿದ ವೀರ ಯೋಧ' ಎಂದು ಬರೆದಿದ್ದಾರೆ. 'ಸರ್ವಸ್ವ ಅಂದ್ರೆ ಏನು? ನಿಮ್ಮ ಹತ್ರ ಇದ್ದಿದ್ದೇ ಎರಡು ಕತ್ತರಿ, ಎರಡನ್ನೂ ವಾಪಸ್ ತಂದಿದ್ದೀರಿ' ಎಂದಳು ನನ್ನವಳು.

ಆ ಫಲಕ ಈಗ ಮೇಜಿನ ಮೇಲೆ ಬೋರಲು ಮಲಗಿದೆ. ಅವಳು ಮೊಳೆ, ಸುತ್ತಿಗೆ ಎರಡನ್ನೂ ತಂದು ಪಕ್ಕದಲ್ಲಿಟ್ಟು ಐದು ದಿನವಾಯಿತು. ನಾನು ಇನ್ನೂ ಹೊಡೆದಿಲ್ಲ. ಅದನ್ನು ಗೋಡೆಗೆ ಹಾಕಲೋ, ಕೊಟ್ಟವರಿಗೇ ಹಿಂದಿರುಗಿಸಲೋ ಅನ್ನುವುದನ್ನು ಹೇಳಬೇಕಾದವನು ನೀನು. ಯಾಕೆ ಎಂದು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಮಿಕ್ಕದ್ದು ಬರೆಯುವುದಕ್ಕೆ ಕೈ ಬರುವುದಿಲ್ಲ.

ಸಮಿತಿಯ ಕಾರ್ಯದರ್ಶಿ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೂ ಕತ್ತಿನಲ್ಲಿ ಸೀಟಿ ನೇತಾಡುತ್ತಿರುತ್ತದೆ. ತಿಂಗಳ ಹಿಂದೆ ಮನೆಗೆ ಬಂದು, 'ಮಾಜಿ ಸೈನಿಕರಿಗೆ ನಮ್ಮ ಬಡಾವಣೆ ಕೃತಜ್ಞತೆ ಹೇಳ್ಬೇಕು ಅಂತಿದೆ. ಬಂದೂಕು ಹಿಡ್ಕೊಂಡಿರೋ ಒಂದು ಫೋಟೋ ಕೊಡಿ' ಎಂದರು. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಅದರಲ್ಲಿ ನಾನು ಬ್ರಷ್ ಹಿಡಿದಿದ್ದೇನೆ, ನೀನು ಮುಖದ ತುಂಬ ನೊರೆ ಬಳಿದುಕೊಂಡು ಕೂತಿದ್ದೀಯ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇದರಲ್ಲಿ ಶತ್ರು ಯಾರು?' ಎಂದು ಕೇಳಿದರು.

'ಸ್ವಾಮಿ, ನಾನು ಪಲ್ಟನ್ನಿನ ಕ್ಷೌರಿಕ. ನನ್ನನ್ನ ಬಿಟ್ಟುಬಿಡಿ' ಎಂದೆ. ಅವರು ಬಿಡಲಿಲ್ಲ. ಐದು ಕುರ್ಚಿ ಬಾಡಿಗೆಗೆ ಹೇಳಿ ಆಗಿತ್ತಂತೆ, ಬಡಾವಣೆಯಲ್ಲಿ ಮಾಜಿ ಸೈನಿಕರು ಸಿಕ್ಕಿದ್ದು ನನ್ನನ್ನೂ ಸೇರಿಸಿ ನಾಲ್ಕೇ ಜನ. ಐದನೆಯ ಕುರ್ಚಿ ಮುಖ್ಯ ಅತಿಥಿಗೆ. ಕುರ್ಚಿ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ನನಗೆ ವೀರಪಟ್ಟ ಸಿಕ್ಕಿತು. ಹತ್ತು ನಿಮಿಷ ಮಾತಾಡಲೇಬೇಕು ಎಂದೂ ಅಪ್ಪಣೆಯಾಯಿತು.

ಇನ್ನು ಮೂವರು ಯಾರೆಂದರೆ, ಒಬ್ಬರು ಫಿರಂಗಿಯವರು. ಅದರ ಸದ್ದಿಗೆ ಕಿವಿ ಎರಡೂ ಹೋಗಿ, ಏನು ಕೇಳಿದರೂ 'ಹಾಜರ್' ಎನ್ನುತ್ತಾರೆ. ಇನ್ನೊಬ್ಬರು ಟ್ಯಾಂಕ್ ಓಡಿಸುತ್ತಿದ್ದವರು. ಈಗ ಸ್ಕೂಟರ್ ಓಡಿಸುತ್ತಾರೆ, ಆದರೆ ಟ್ಯಾಂಕೆಂದೇ ತಿಳಿದು ಓಡಿಸುತ್ತಾರೆ, ನಮ್ಮ ಬೀದಿಯಲ್ಲಿ ನೆಟ್ಟಗಿರುವ ಗೇಟು ಒಂದೂ ಉಳಿದಿಲ್ಲ. ಮೂರನೆಯವರು ಯುದ್ಧದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನರ್ಸಮ್ಮ. ಮಾತು ಕಡಿಮೆ, ನೋಟ ಜಾಸ್ತಿ. ನಾಲ್ವರನ್ನೂ ಸಾಲಾಗಿ ಕೂರಿಸಿ ಡ್ರಿಲ್ ಮಾಸ್ತರು ಒಂದು ವಾರ ಅಭ್ಯಾಸ ಮಾಡಿಸಿದರು. ಒಂದು ಸೀಟಿಗೆ ಏಳಬೇಕು, ಎರಡು ಸೀಟಿಗೆ ಕೂರಬೇಕು. ಫಿರಂಗಿಯವರಿಗೆ ಸೀಟಿ ಕೇಳಿಸುವುದಿಲ್ಲ, ಅವರು ನನ್ನನ್ನು ನೋಡಿ ಏಳುತ್ತಾರೆ. ನನಗೆ ಸೊಂಟ ಹಿಡಿದಿದೆ, ನಾನು ಅರ್ಧಕ್ಕೆ ನಿಲ್ಲುತ್ತೇನೆ. ಅವರೂ ಅರ್ಧಕ್ಕೆ ನಿಲ್ಲುತ್ತಿದ್ದರು. 'ಅಷ್ಟು ದೊಡ್ಡ ಯುದ್ಧ ಹೇಗ್ರೀ ಗೆದ್ರಿ?' ಎಂದು ಮಾಸ್ತರು ತಲೆ ಮೇಲೆ ಕೈ ಹೊತ್ತರು.

ಮನೆಯಲ್ಲಿ ನನ್ನವಳು ಗೋಡೆ ಗಡಿಯಾರ ಇಳಿಸಿ ಮಡಿಲಲ್ಲಿಟ್ಟುಕೊಂಡು ನನ್ನ ಭಾಷಣ ಕೇಳುತ್ತಿದ್ದಳು. ಮೊದಲ ದಿನ ಒಂದೂವರೆ ನಿಮಿಷಕ್ಕೆ ಮುಗಿಯಿತು, ಅದರಲ್ಲಿ ಒಂದು ನಿಮಿಷ ಕೆಮ್ಮು. 'ಅಂಗಡೀಲಿ ಒಂದು ತಲೆ ಸಿಕ್ಕಿದ್ರೆ ಊರಿನ ಪುರಾಣವೆಲ್ಲ ಬಿಚ್ಚೋ ಬಾಯಿ ಎಲ್ಲಿ ಹೋಯ್ತು?' ಎಂದಳು. ತಲೆ ಮುಂದಿಲ್ಲದೆ ನನಗೆ ಮಾತು ಬರುವುದಿಲ್ಲ, ಏನು ಮಾಡಲಿ. ಕೊನೆಗೆ ಪಾಪ, ಅವಳೇ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಳು. ನಾನು ಬಾಚಣಿಗೆ ಹಿಡಿದು ಅವಳ ತಲೆ ಬಾಚುತ್ತ ಬಾಚುತ್ತ ಹನ್ನೆರಡು ನಿಮಿಷ ಮಾತಾಡಿದೆ.

ಭಾನುವಾರ ಭವನ ತುಂಬಿತ್ತು. ಮುಖ್ಯ ಅತಿಥಿ ಒಂದು ಗಂಟೆ ತಡವಾಗಿ ಬಂದರು. ದೊಡ್ಡ ಮನುಷ್ಯರು, ಕೈಯಲ್ಲಿ ನಲವತ್ತು ಪುಟದ ಭಾಷಣ. ಎಲ್ಲರೂ ಅವರ ಕಾರು ನೋಡಿದರು, ನಾನು ತಲೆ ನೋಡಿದೆ. ವಿಗ್ಗು. ಅದೂ ಎಡಕ್ಕೆ ಒಂದು ಬೆರಳು ಜಾರಿದೆ. ಹಾಳು ಅಭ್ಯಾಸ, ಆಮೇಲೆ ನನಗೆ ಬೇರೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಡ್ರಿಲ್ ಮಾಸ್ತರು ಅತಿಥಿಗಳಿಗೆ ಸೆಕೆಯಾಗುತ್ತದೆಂದು ಆಳೆತ್ತರದ ಫ್ಯಾನು ತಂದು ಅವರ ಹಿಂದೆಯೇ ನಿಲ್ಲಿಸಿ ಗುಂಡಿ ಒತ್ತಿಬಿಟ್ಟರು. ವಿಗ್ಗಿನ ಹಿಂಭಾಗ ಎದ್ದು ನಿಂತಿತು. ನಾನು ಹಿಂದೆ ಮುಂದೆ ಯೋಚಿಸದೆ ಕೈ ಚಾಚಿ ಅದನ್ನು ಅಂಗೈಯಿಂದ ಅದುಮಿ ಹಿಡಿದೆ. ಸಭಿಕರು ಹಿರಿಯ ಯೋಧರು ಅತಿಥಿಗೆ ಆಶೀರ್ವಾದ ಮಾಡುತ್ತಿದ್ದಾರೆಂದು ತಿಳಿದು ಚಪ್ಪಾಳೆ ತಟ್ಟಿದರು. 'ಅಲ್ಲಾಡಬೇಡಿ ಸಾರ್, ನಾನು ಈ ಕಸುಬಿನವನೇ' ಎಂದು ಪಿಸುಗುಟ್ಟಿದೆ. ನರ್ಸಮ್ಮ ಒಂದು ಮಾತೂ ಕೇಳದೆ ತಮ್ಮ ತಲೆಯಿಂದ ಎರಡು ಪಿನ್ನು ತೆಗೆದು ನನ್ನ ಕೈಗಿಟ್ಟರು. ಸಿಕ್ಕಿಸಿದೆ. ತಲೆ ಅಲ್ಲಾಡಿಸುವ ಹಾಗಿರಲಿಲ್ಲವಲ್ಲ, ಅತಿಥಿಗಳು ನಲವತ್ತು ಪುಟದ ಭಾಷಣವನ್ನು ನಾಲ್ಕು ನಿಮಿಷಕ್ಕೆ ಮುಗಿಸಿದರು. ನಿಜ ಹೇಳಬೇಕೆಂದರೆ ಊರಿನವರು ನನಗೆ ಕೃತಜ್ಞತೆ ಹೇಳಬೇಕಾದದ್ದು ಅದಕ್ಕೆ.

ಆಮೇಲೆ ನನ್ನ ಸರದಿ ಬಂತು. ಮೈಕಿನ ಮುಂದೆ ತಲೆಯಿಲ್ಲ, ಬಾಚಣಿಗೆಯಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನವಳು ಮೆಲ್ಲಗೆ ಎದ್ದು, ಕುರ್ಚಿ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತಳು. ಅವಳ ಜಡೆ ಕಂಡದ್ದೇ ಮಾತು ಬಂತು ನೋಡು.

ಏನು ಹೇಳಿದೆ ಅಂತೀಯ? ನಿನಗೆ ಗೊತ್ತಿರುವುದೇ. ಸೈರನ್ ಕೂಗಿದಾಗ ಆ ಅಡುಗೆಯವನು ಅರ್ಧ ಕ್ಷೌರದ ತಲೆಯಲ್ಲೇ ಎದ್ದು ಬೆಟ್ಟದ ಮೇಲಿನ ಕಾವಲು ಠಾಣೆಗೆ ಓಡಿದ್ದು, ಒಂಬತ್ತು ದಿನ ಬಿಟ್ಟು ಬಂದು 'ಇನ್ನರ್ಧ ಮುಗಿಸು' ಎಂದು ಜಗಳವಾಡಿದ್ದು. ಅವನು ಬದುಕಿ ಬಂದದ್ದೇ ಅದಕ್ಕೆ ಎಂದು ನಮ್ಮವರೆಲ್ಲ ನಂಬಿಬಿಟ್ಟದ್ದು. ಅಂದಿನಿಂದ ಠಾಣೆಗೆ ಹತ್ತುವವರು ಯಾರೇ ಬರಲಿ, ಕಿವಿಯ ಹಿಂದೆ ಒಂದು ಚಿಟಿಕೆ ಕೂದಲು ಬಿಡಬೇಕು. ಮಿಕ್ಕದ್ದನ್ನು ಕತ್ತರಿಸಿಕೊಳ್ಳುವುದಕ್ಕೆ ಅವರು ಇಳಿದು ಬರಲೇಬೇಕು. ಕ್ಯಾಪ್ಟನ್ ಸಾಹೇಬರು ತಪಾಸಣೆಯಲ್ಲಿ ಒಂದೊಂದೇ ಕಿವಿ ಮಡಿಸಿ ನೋಡಿ, 'ಇವನೇನು ಕ್ಷೌರಿಕನೋ, ಕುರಿ ಕಾಯುವವನೋ' ಎಂದು ಕೂಗಾಡಿದ್ದು. ಮರುವಾರ ತಾವೇ ಮೇಲೆ ಹೋಗಬೇಕಾದಾಗ ಬಂದು ಕೂತು, 'ನನಗೂ ಒಂದಿಷ್ಟು ಬಿಡು, ಯಾರಿಗೂ ಹೇಳ್ಬೇಡ' ಎಂದದ್ದು. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು. ಕೇಳಿಸದಿದ್ದರೂ ಫಿರಂಗಿಯವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಿನ್ನ ತಮ್ಮ ಗಿಡ್ಡ ಬದುಕಿದ್ದು ಅಲ್ಲಿ ಕೂತಿದ್ದರೆ, ಕ್ಯಾಪ್ಟನ್ ದನಿಯನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದ.

ನಗು ನಿಂತ ಮೇಲೆ ಮುಖ್ಯ ಅತಿಥಿ ಕುತ್ತಿಗೆ ಅಲ್ಲಾಡಿಸದೆ ಕೇಳಿದರು, 'ಹಾಗೆ ಕೂದಲು ಬಿಟ್ಟವರೆಲ್ಲ ವಾಪಸ್ ಬಂದ್ರಾ?'

'ಬಂದರು ಸಾರ್. ಎಲ್ಲರೂ ಬಂದರು' ಎಂದೆ.

ಇಡೀ ಭವನ ಎದ್ದು ನಿಂತಿತು. ಒಂದು ಸೀಟಿಯೂ ಊದದೆ ಅಷ್ಟು ಜನ ಒಟ್ಟಿಗೆ ಎದ್ದದ್ದನ್ನು ಕಂಡು ಡ್ರಿಲ್ ಮಾಸ್ತರು ಕಣ್ಣೊರೆಸಿಕೊಂಡರು. ಯಾರೋ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇಳಿದು ಬರುವಾಗ ಮೆಟ್ಟಿಲ ಹತ್ತಿರ ನರ್ಸಮ್ಮ ಪಿನ್ನು ವಾಪಸ್ ಇಸಿದುಕೊಳ್ಳುವುದಕ್ಕೆ ನಿಂತಿದ್ದರು. 'ನಮ್ಮ ಆಸ್ಪತ್ರೆಗೆ ತಂದವರಲ್ಲಿ ಕೆಲವರ ಕಿವಿ ಹಿಂದೆ ಒಂಚೂರು ಕೂದಲು ಉಳಿದಿರೋದು. ಕೊನೇ ಸ್ನಾನ ಮಾಡಿಸಿ ಬಟ್ಟೆ ಹೊದಿಸುವಾಗ ನೋಡ್ತಿದ್ದೆ. ಯಾಕೆ ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು' ಎಂದರು. ಬೈಯಲಿಲ್ಲ. 'ನೀವು ಹೇಳಿದ್ದು ಒಳ್ಳೇದೇ ಆಯ್ತು ಬಿಡಿ, ಜನ ಸಂತೋಷವಾಗಿ ಮನೆಗೆ ಹೋದ್ರು' ಎಂದು ಪಿನ್ನು ತಲೆಗೆ ಸಿಕ್ಕಿಸಿಕೊಂಡು ಹೊರಟರು.

ಮನೆಗೆ ಬಂದು ನನ್ನವಳಿಗೆ ಹೇಳಿದೆ. ಅವಳಿಗೆ ಅರ್ಧ ಹೇಳಿದೆ, ಮಿಕ್ಕರ್ಧ ನಿನ್ನದು. ಅವಳು ಸುತ್ತಿಗೆ ಕೆಳಗಿಟ್ಟು, 'ಹಾಗಾದ್ರೆ ಮೊದಲು ಉದ್ದಣ್ಣನಿಗೆ ಬರೀರಿ' ಎಂದಳು. ನಿನ್ನನ್ನು ಒಂದೇ ಸಲ ನೋಡಿದ್ದರೂ ನಿನ್ನ ಮೇಲೆ ಅವಳಿಗೆ ನನ್ನ ಮೇಲಿಗಿಂತ ನಂಬಿಕೆ ಹೆಚ್ಚು.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮಕ್ಕಳು, ಮೊಮ್ಮಕ್ಕಳು ನೂರು ವರ್ಷ ತಲೆ ತುಂಬ ಕೂದಲಿಟ್ಟುಕೊಂಡು ಬಾಳಲಿ, ನಿನಗಂತೂ ಆ ಯೋಗವಿರಲಿಲ್ಲ. ಮಂಡಿ ಜೋಪಾನ.

ಇಂತಿ ನಿನ್ನ
ಕತ್ತರಿ

ಮರೆತ ಮಾತು: ಮರೆತದ್ದಲ್ಲ, ಮೂವತ್ತೆಂಟು ವರ್ಷದಿಂದ ತಪ್ಪಿಸಿಕೊಂಡು ತಿರುಗಿದ್ದು. ಗಿಡ್ಡ ಕೊನೆಯ ಸಲ ಮೇಲೆ ಹೋದ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು ಕೂತ. ರಜೆ ಮಂಜೂರಾಗಿತ್ತಲ್ಲ. 'ಟೆಲಿಫೋನ್ ತಂತಿ ಕಟ್ಟಿ ಸಂಜೆಗೆ ಬಂದ್ಬಿಡ್ತೀನಿ, ನಾಡಿದ್ದು ರೈಲು. ಇವತ್ತು ಏನೂ ಬಿಡಬೇಡ ಅಣ್ಣ, ಪೂರ್ತಿ ಕತ್ತರಿಸು. ಕಿವಿ ಹಿಂದೆ ಹೀಗಿದ್ರೆ ಅಮ್ಮ ಕಂಡ ತಕ್ಷಣ ಬೈತಾಳೆ' ಎಂದ. ಬೇಡ ಕಣೋ ಎಂದೆ. ನಕ್ಕ. ನಾನೂ ನಕ್ಕೆ. ಪೂರ್ತಿ ಕತ್ತರಿಸಿದೆ. ಕನ್ನಡಿಯಲ್ಲಿ ಎರಡೂ ಕಡೆ ತಿರುಗಿ ನೋಡಿಕೊಂಡು ಹೋದ.

ಒಂದು ಚಿಟಿಕೆ ಕೂದಲು ಗುಂಡು ತಡೆಯುವುದಿಲ್ಲ, ನನಗೆ ಗೊತ್ತು. ಬಿಟ್ಟವರಲ್ಲೂ ಏಳು ಜನ ಬರಲಿಲ್ಲ. ನನ್ನನ್ನು ಸುಡುತ್ತಿರುವುದು ಅದಲ್ಲ. ಅವತ್ತು ಸಂಜೆ ನೀನು ಲಾರಿ ನಿಲ್ಲಿಸಿ ಬಂದು, 'ತಮ್ಮ ಇನ್ನೂ ಇಳಿದಿಲ್ಲ, ಅವನಿಗೆ ಕೂದಲು ಬಿಟ್ಟಿದ್ದೀಯ ತಾನೇ?' ಎಂದು ಕೇಳಿದೆ. ಬಿಟ್ಟಿದ್ದೇನೆ, ಬರ್ತಾನೆ ಎಂದೆ. ನೀನು ನನ್ನ ಮಾತು ನಂಬಿ ತಟ್ಟೆ ತಂದು ಪಕ್ಕದಲ್ಲೇ ಕೂತೆ, ಎರಡು ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ. ಆ ಹೊತ್ತಿಗೆ ಅವನನ್ನು ಕೆಳಗೆ ತಂದಾಗಿತ್ತು ಉದ್ದಣ್ಣ. ನಾನು ನೋಡಿ ಬಂದಿದ್ದೆ. ನೀನು ಉಣ್ಣಲಿ ಅಂತಲೇ ನಿನಗೆ ಹೇಳಲಿಲ್ಲ.

ಬೈದಾದರೂ ಬರಿ.